ಚುನಾವಣೆ ಸುದ್ದಿಯ ತಕ್ಕಡಿ
(ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ ಓದುಗರ ಮುಂದೆ ಮಾಡಿದ ಭಾಷಣದ ಬರಹರೂಪ)



ಚುನಾವಣೆ ಬಂತೆಂದರೆ ಪತ್ರಿಕೆಗಳು ಪಕ್ಷಪಾತ ಮಾಡುತ್ತವೆ ಎಂಬ ಮಾತು ಕಟ್ಟೆಯ ಮೇಲೆ ಕೇಳಿಬರುತ್ತದೆ. ಸುಳ್ಳು ಬರೆದರೆ ಹಿಡಿಯಬಹುದು. ಆದರೆ ಪಕ್ಷಪಾತ ಬಹುಮಟ್ಟಿಗೆ ಇರುವುದು ಸುಳ್ಳಿನಲ್ಲಲ್ಲ. ಒಬ್ಬರಿಗೆ ಕೊಟ್ಟ ಜಾಗದಲ್ಲಿ, ಅವರಿಗೆ ಕೇಳದೆ ಬಿಟ್ಟ ಪ್ರಶ್ನೆಯಲ್ಲಿ.

ಕಬ್ಬಿನ ಉದಾಹರಣೆಯನ್ನೇ ನೋಡಿ. ಬೆಳಗಾವಿ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ನಡೆಸುವವರು ಚುನಾವಣೆಗೆ ನಿಲ್ಲುವುದು ಹೊಸದಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳಲ್ಲಿ ರೈತನಿಗೆ ಹಣ ಸಲ್ಲಬೇಕು. ತಡವಾದರೆ ಶೇ 15ರ ಬಡ್ಡಿ. ಅಂಥ ಅಭ್ಯರ್ಥಿಯ ಮೆರವಣಿಗೆ, ಹಾರ, ಜಯಘೋಷ ಎಲ್ಲವೂ ಅಚ್ಚಾಗಿ, ಕಾರ್ಖಾನೆಯ ಬಿಲ್ ಬಾಕಿ ಎಷ್ಟು ಎಂಬ ಒಂದು ಸಾಲು ಬಾರದೆ ಹೋದರೆ, ಅಚ್ಚಾದದ್ದೆಲ್ಲ ನಿಜವಿದ್ದರೂ ಓದುಗನಿಗೆ ಅದು ಮೋಸವೇ.

ಇದಕ್ಕಿಂತ ಮುಂದಿನ ಹೆಜ್ಜೆ ‘ಕಾಸಿಗಾಗಿ ಸುದ್ದಿ’. 2009ರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯಲ್ಲಿ ಪರಸ್ಪರ ಸ್ಪರ್ಧಿಗಳಾದ ಪತ್ರಿಕೆಗಳಲ್ಲಿ ಒಂದೇ ಹೊಗಳಿಕೆಯ ಲೇಖನ ಅಕ್ಷರಶಃ ಬಂದುದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಭಾರತೀಯ ಪತ್ರಿಕಾ ಮಂಡಳಿಯ ಇಬ್ಬರು ಸದಸ್ಯರ ಉಪಸಮಿತಿ ಈ ದಂಧೆಯ ವಿಚಾರಣೆ ನಡೆಸಿ ಪತ್ರಿಕೆಗಳ ಹೆಸರು ಹಿಡಿದೇ ಬರೆಯಿತು. ಮಂಡಳಿ 2010ರಲ್ಲಿ ಹೊರಡಿಸಿದ್ದು ಮೊಟಕು ವರದಿ ಮಾತ್ರ. ಕೇಂದ್ರ ಮಾಹಿತಿ ಆಯೋಗ ಆದೇಶಿಸಿದ ಮೇಲೆ, 2011ರಲ್ಲಿ, ಪೂರ್ಣ ವರದಿ ಜನರ ಕೈಸೇರಿತು. ಅನ್ಯರ ತಪ್ಪನ್ನು ದೊಡ್ಡದಾಗಿ ಬರೆಯುವ ಪತ್ರಿಕೋದ್ಯಮ ತನ್ನ ತಪ್ಪನ್ನು ಮಡಚಿಟ್ಟಿತ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಬಿಸೌಲಿ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಕಾಸಿಗಾಗಿ ಸುದ್ದಿಯ ಪ್ರಕರಣದಲ್ಲಿ ಇದು ಮೊದಲನೆಯದು. ಆದರೆ ಕಾರಣ ಗಮನಿಸಿ: ಸುದ್ದಿ ಕೊಂಡದ್ದಕ್ಕಲ್ಲ, ಅದರ ಖರ್ಚನ್ನು ಲೆಕ್ಕದಲ್ಲಿ ತೋರಿಸದ್ದಕ್ಕೆ. ಮಾರಿದವರ ಮೇಲೆ ಪತ್ರಿಕಾ ಮಂಡಳಿ ಮಾಡಬಹುದಾದದ್ದು ಎಚ್ಚರಿಕೆ, ಛೀಮಾರಿ ಅಷ್ಟೇ. ಕಾಸಿಗಾಗಿ ಸುದ್ದಿಯನ್ನೇ ಅಪರಾಧವಾಗಿಸಬೇಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತು.

ಹಾಗಾಗಿ ತಕ್ಕಡಿ ಓದುಗನ ಕೈಯಲ್ಲೇ ಇರಬೇಕು. ಚುನಾವಣೆ ಕಾಲದ ಒಂದು ವಾರದ ಪತ್ರಿಕೆಗಳನ್ನು ರದ್ದಿಗೆ ಹಾಕದೆ ಎತ್ತಿಡಿ. ಎದುರಾಳಿಯ ಮಾತಿಗೆ ಎಷ್ಟು ಜಾಗ ಸಿಕ್ಕಿದೆ? ಒಂದೇ ಒಕ್ಕಣೆ ಎರಡು ಪತ್ರಿಕೆಗಳಲ್ಲಿದೆಯೇ? ನೀರು, ರಸ್ತೆ, ಕಬ್ಬಿನ ಬಾಕಿಯ ಪ್ರಶ್ನೆ ಯಾರಾದರೂ ಕೇಳಿದ್ದಾರೆಯೇ? ಅನುಮಾನ ಬಂದರೆ ಆ ತುಣುಕು ಕತ್ತರಿಸಿ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿಗೆ ದೂರು ಕೊಡಿ. ಗಡಿನಾಡಿನ ಈ ಭಾಗದಲ್ಲಿ ಕನ್ನಡ, ಮರಾಠಿ ಎರಡೂ ಓದಬಲ್ಲವರಿದ್ದಾರೆ; ಒಂದೇ ಸಭೆಯ ಎರಡು ವರದಿಗಳನ್ನು ಅವರು ಪಕ್ಕಪಕ್ಕ ಇಟ್ಟು ನೋಡಲಿ.

ಮತ ಮಾರಬೇಡಿ ಎಂದು ಮತದಾರನಿಗೆ ಎಲ್ಲರೂ ಹೇಳುತ್ತಾರೆ. ಸುದ್ದಿ ಮಾರಬೇಡಿ ಎಂದು ಪತ್ರಿಕೆಗೆ ಹೇಳುವ ಹಕ್ಕು ಆ ಮತದಾರನಿಗಿದೆ.