ನರದ ನೋವು ಮತ್ತು ಲಕ್ಕಮ್ಮ ತಾಯಿಯ ಅಳತೆ

(ವಿಶ್ವೇಶ್ವರಪುರಂನಲ್ಲಿ ನಡೆದ ಮಾಸಿಕ ಶರಣ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರೊಬ್ಬರು ಆಡಿದ ಮಾತುಗಳ ಬರಹ ರೂಪ)

 

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಈ ಭಾಷಣವನ್ನು ಪೂರ್ತಿ ನಿಂತುಕೊಂಡು ಮಾಡುವುದಿಲ್ಲ. ಹತ್ತು ನಿಮಿಷ ನಿಲ್ಲುತ್ತೇನೆ, ಆಮೇಲೆ ಈ ಕುರ್ಚಿಯಲ್ಲಿ ಕೂರುತ್ತೇನೆ, ಮತ್ತೆ ಏಳುತ್ತೇನೆ. ಪೂಜ್ಯರ ಮುಂದೆ ಇದು ಅಗೌರವ ಎಂದು ಯಾರೂ ತಿಳಿಯಬಾರದು. ಯಾಕೆ ಹೀಗೆ ಎನ್ನುವುದೇ ಇವತ್ತಿನ ನನ್ನ ವಿಷಯ.

ನಾನು ಪಂಡಿತನಲ್ಲ, ವೈದ್ಯನೂ ಅಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, 34 ವರ್ಷ ಸರ್ಕಾರಿ ನೌಕರಿ ಮಾಡಿ, 2018ರಲ್ಲಿ ನಿವೃತ್ತನಾದವನು. ನನಗೀಗ 67 ವರ್ಷ. ನೌಕರಿಯ ಬಹುಪಾಲು ಕಳೆದದ್ದು ಕಾಲುವೆಗಳ ಮೇಲೆ. ಕಾಲುವೆ ಏರಿಯ ಮೇಲೆ ಜೀಪಿನಲ್ಲಿ ಕುಲುಕಿ ಕುಲುಕಿ ಸೊಂಟ ಸವೆಯಿತೋ, ವಯಸ್ಸಿಗೆ ಸವೆಯಿತೋ ಎಂದು ಕೇಳಿದರೆ ವೈದ್ಯರು ಎರಡೂ ಇರಬಹುದು ಎಂದರು. 2019ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಕೆಟ್ ಎತ್ತಿದೆ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನ ತನಕ ಕರೆಂಟ್ ಹೊಡೆದ ಹಾಗಾಯಿತು. ಅಲ್ಲೇ ಕುಸಿದೆ.

ಇದಕ್ಕೆ ಸಯಾಟಿಕಾ ಎನ್ನುತ್ತಾರೆ. ಬೆನ್ನಿನ ಕೆಳಭಾಗದ ಐದು ನರಬೇರುಗಳು ಕೂಡಿ ಆಗುವ ಆ ನರ ನಮ್ಮ ದೇಹದಲ್ಲೇ ಅತ್ಯಂತ ದಪ್ಪದ್ದು. ನನಗೆ ಸೊಂಟದ ನಾಲ್ಕನೆಯ, ಐದನೆಯ ಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ಒಂದು ಬೇರನ್ನು ಒತ್ತಿತ್ತು. ಹೆಚ್ಚಿನವರಿಗೆ ಇದು ಕೆಲವು ವಾರ, ಕೆಲವು ತಿಂಗಳಲ್ಲಿ ತಗ್ಗುತ್ತದೆ. ಕೆಲವರಿಗೆ ನರ ಕೆರಳಿದ್ದು ಕೆರಳಿದಂತೆಯೇ ಉಳಿದು, ನೋವು ಮನೆಯ ಸದಸ್ಯನಾಗಿಬಿಡುತ್ತದೆ. ನಾನು ಆ ಕೆಲವರಲ್ಲಿ ಒಬ್ಬ.

ಕಾಯಿಲೆ ಬಂದರೆ ಸಲಹೆ ಬಾರದೆ ಇರುತ್ತದೆಯೇ? ಒಬ್ಬರು ಪಂಚಾಂಗ ತಂದು ಸಾಡೇಸಾತಿ ನಡೆಯುತ್ತಿದೆ, ಶಾಂತಿ ಮಾಡಿಸು ಎಂದರು. ನಮ್ಮ ಚಿಕ್ಕಮ್ಮ ಒಬ್ಬರು, ‘ಹಿಂದಿನ ಜನ್ಮದಲ್ಲಿ ಯಾರ ಕಾಲು ಮುರಿದಿದ್ಯೋ ಏನೋ ಕಣಪ್ಪ’ ಎಂದು ಕಣ್ಣೀರು ಹಾಕಿದರು. ಪ್ರೀತಿಯಿಂದಲೇ ಅಂದದ್ದು. ಆದರೆ ಬಸವಾದಿ ಶರಣರ ಮಾತನ್ನು ನಂಬಿದ ಮನೆ ನಮ್ಮದು. ನೋವಿನಲ್ಲಿರುವವನ ತಲೆಯ ಮೇಲೆ ಹಿಂದಿನ ಜನ್ಮದ ತಪ್ಪನ್ನೂ ಹೊರಿಸುವುದು ಶರಣ ಧರ್ಮವಲ್ಲ. ಸ್ಕ್ಯಾನಿಂಗ್ ಚಿತ್ರದಲ್ಲಿ ಕಂಡದ್ದು ಡಿಸ್ಕ್, ಶನಿಯಲ್ಲ. ಹೀಗೆ ಮೂಢನಂಬಿಕೆ ಬಿಟ್ಟೆ ಎಂದು ನನಗೆ ಹೆಮ್ಮೆಯೂ ಇತ್ತು.

ಆದರೆ ನನ್ನೊಳಗೆ ಇನ್ನೊಂದು ಮೂಢನಂಬಿಕೆ ಕುಳಿತಿತ್ತು. ಸರಿಯಾಗಿ ವ್ಯಾಯಾಮ ಮಾಡಿದರೆ ನೋವು ದಿನದಿಂದ ದಿನಕ್ಕೆ ನೇರ ಗೆರೆಯಲ್ಲಿ ಇಳಿಯಬೇಕು, ಇಳಿಯದಿದ್ದರೆ ತಪ್ಪು ನನ್ನದು ಎನ್ನುವ ನಂಬಿಕೆ. ನನ್ನನ್ನು ಹೆಚ್ಚು ಕಾಡಿದ್ದು ಇದೇ.

ವೈದ್ಯರು ನರದ ನೋವಿಗೆ ಕೊಡುವ ಮಾತ್ರೆ ಬರೆದುಕೊಟ್ಟು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ‘ಸರ್, ಎಷ್ಟು ಹೊತ್ತು ನಡೆದರೆ ನೋವು ಏರೋದಿಲ್ಲ?’ ಎಂದು ಕೇಳಿದಳು. ಅಳೆದು ನೋಡಿ ಎಂಟು ನಿಮಿಷ ಎಂದೆ. ‘ಹಾಗಾದ್ರೆ ಆರು ನಿಮಿಷದಿಂದ ಶುರು ಮಾಡಿ’ ಎಂದಳು. ನನಗೆ ಅವಮಾನವೇ ಆಯಿತು. ದಿನಗಟ್ಟಲೆ ಕಾಲುವೆ ಉದ್ದಕ್ಕೂ ನಡೆದವನಿಗೆ ಆರು ನಿಮಿಷವೇ? ನಮ್ಮ ಬೀದಿಯಲ್ಲಿ ಅದು ಗೇಟಿನಿಂದ ಒಂಬತ್ತನೆಯ ದೀಪದ ಕಂಬದವರೆಗೆ ಹೋಗಿ ಬರುವಷ್ಟು. ಜೊತೆಗೆ ಅಂಗಾತ ಮಲಗಿ ಮಂಡಿ ಮಡಚುವುದು, ಸೊಂಟವನ್ನು ಮೆಲ್ಲಗೆ ಚಾಪೆಗೆ ಒತ್ತುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಕುಳಿತು ಪಾದವನ್ನು ಮೇಲೆ ಕೆಳಗೆ ಆಡಿಸುತ್ತ ನರವನ್ನು ಸಲೀಸು ಮಾಡುವುದು. ಎಲ್ಲ ಸೇರಿ ಕಾಲು ಗಂಟೆ. ವಾರಕ್ಕೊಂದು ನಿಮಿಷದಂತೆ ನಡಿಗೆ ಏರಿಸುತ್ತ ಹೋದೆ. ಕೆಲವು ತಿಂಗಳಲ್ಲಿ ಸಜ್ಜನ್ ರಾವ್ ವೃತ್ತ ಮುಟ್ಟಿದೆ. ಆಮೇಲೆ ಲಾಲ್‌ಬಾಗಿನ ಪಶ್ಚಿಮ ದ್ವಾರ.

ಒಂದು ಭಾನುವಾರ ಬೆಳಿಗ್ಗೆ ನೋವೇ ಇರಲಿಲ್ಲ. ಖುಷಿಯಲ್ಲಿ ಲಾಲ್‌ಬಾಗಿನ ಬಂಡೆ ಹತ್ತಿ ಕೆಂಪೇಗೌಡ ಗೋಪುರದ ತನಕ ಹೋಗಿಬಿಟ್ಟೆ. ಮೂರು ದಿನ ಮಲಗಿದೆ. ಆದರೂ ಬುದ್ಧಿ ಬರಲಿಲ್ಲ.

2022ರ ಬಸವ ಜಯಂತಿ. ಕೊರೊನಾ ಕಾರಣ ಎರಡು ವರ್ಷ ಸರಿಯಾಗಿ ಆಚರಿಸಿರಲಿಲ್ಲ. ಆ ದಿನ ಮೈ ಹಗುರವಾಗಿತ್ತು, ಮನಸ್ಸೂ ಹಗುರವಾಗಿತ್ತು. ದಾಸೋಹದಲ್ಲಿ ಕುರ್ಚಿ ಸಾಗಿಸಿದೆ. ಬಗ್ಗಿ ಬಗ್ಗಿ ನಾಲ್ಕು ಪಂಕ್ತಿಗೆ ಅನ್ನ, ಸಾರು ಬಡಿಸಿದೆ. ನಮ್ಮ ಮನೆಯವರು ಎರಡು ಸಲ ಬಂದು ‘ಸಾಕು ಬನ್ರೀ’ ಎಂದರು. ಬಸವಣ್ಣನ ಕೆಲಸದಲ್ಲಿ ನೋವು ಬರುತ್ತದೆಯೇ ಎಂದು ನಾನು ಗದರಿದೆ. ರಾತ್ರಿ ಹನ್ನೊಂದಕ್ಕೆ ಬಂತು. ಮೂರು ವಾರ ಇತ್ತು.

ಆ ಮೂರು ವಾರದ ಬಗ್ಗೆ ಸ್ವಲ್ಪ ಹೇಳಬೇಕು. ನೋವು ಹಳೆಯದೇ. ಹೊಸದು ಎಂದರೆ ಹತಾಶೆ. ಮೂರು ವರ್ಷದ ದುಡಿಮೆ ಒಂದು ಮಧ್ಯಾಹ್ನದಲ್ಲಿ ಕೊಚ್ಚಿಹೋಯಿತು, ಇನ್ನು ಸೊನ್ನೆಯಿಂದ ಶುರು ಎನ್ನಿಸಿತು. ವ್ಯಾಯಾಮ ಪೂರ್ತಿ ಬಿಟ್ಟೆ. ಕಾಫಿ ತಂದುಕೊಟ್ಟ ಮನೆಯವರ ಮೇಲೆ ರೇಗಿದೆ. ನೆಲದ ಮೇಲೆ ಪದ್ಮಾಸನ ಹಾಕಿ ಕೂರಲಾಗದು ಎಂದು ಇಷ್ಟಲಿಂಗ ಪೂಜೆಯನ್ನೂ ಬಿಟ್ಟೆ. ಲಿಂಗದೀಕ್ಷೆ ಆದ ಮೇಲೆ ತಪ್ಪದೆ ನಡೆಸಿಕೊಂಡು ಬಂದ ಪೂಜೆ ಹದಿನೆಂಟು ದಿನ ನಿಂತಿತು. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ, ಈ ಕಾಯ ಇನ್ನು ಯಾವ ಕಾಯಕಕ್ಕೂ ಬಾರದು ಎಂದು ಗೋಡೆ ನೋಡುತ್ತ ಮಲಗಿರುತ್ತಿದ್ದೆ.

ನಮ್ಮ ಮನೆಯವರು ನನಗೆ ಹೇಳದೆ ಹಿರಿಯ ಸ್ವಾಮಿಗಳಿಗೆ ಫೋನ್ ಮಾಡಿದ್ದರು. ಪೂಜ್ಯರು ಮನೆಗೇ ಬಂದರು. ನಾನು ಪೂಜೆ ನಿಂತದ್ದನ್ನು ಹೇಳಿ ತಲೆ ತಗ್ಗಿಸಿದೆ. ಅವರು ನಕ್ಕು, ‘ಲಿಂಗ ಇರೋದು ಅಂಗೈಯಲ್ಲಿ. ನೀವು ಕುರ್ಚಿ ಮೇಲೆ ಕೂತರೆ ಅಂಗೈ ಎಲ್ಲಿ ಹೋಗುತ್ತೆ?’ ಎಂದರು. ಅಷ್ಟೇ. ಆಮೇಲೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಿಸಿ ಹೊರಟುಹೋದರು.

ಆ ಪ್ರಸಂಗ ನಿಮಗೆಲ್ಲ ಗೊತ್ತು. ಆಯ್ದಕ್ಕಿ ಮಾರಯ್ಯನವರ ಊರು ಇಂದಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಆ ತಾಲ್ಲೂಕಿನ ಕಾಲುವೆಗಳ ಮೇಲೆ ನಾನೂ ಕೆಲಸ ಮಾಡಿದವನು. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಮೆಚ್ಚಲಿಲ್ಲ. ಇವತ್ತಿಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮಗೇಕೆ, ತಂದಲ್ಲಿಗೇ ಸುರಿದು ಬನ್ನಿ ಎಂದರು. ಇದನ್ನು ನಾವು ದುರಾಸೆಯ ವಿರುದ್ಧದ ಪಾಠವೆಂದೇ ಕೇಳಿಕೊಂಡು ಬಂದಿದ್ದೇವೆ. ನನಗೆ ಆ ದಿನ ಬೇರೆಯಾಗಿ ಕೇಳಿಸಿತು. ಲಕ್ಕಮ್ಮ ತಾಯಿ ತಡೆದದ್ದು ಸುಗ್ಗಿಯ ದಿನ, ಬರದ ದಿನವಲ್ಲ. ಅಳತೆ ತಪ್ಪುವುದು ಒಳ್ಳೆಯ ದಿನದಲ್ಲೇ. ನಾನು ಬಿದ್ದದ್ದೂ ಎರಡು ಸಲವೂ ಒಳ್ಳೆಯ ದಿನದಲ್ಲೇ. ‘ಸಾಕು ಬನ್ರೀ’ ಎಂದ ಲಕ್ಕಮ್ಮ ನಮ್ಮ ಮನೆಯಲ್ಲೇ ಇದ್ದರು. ನಾನು ಮಾರಯ್ಯನವರಂತೆ ಕೇಳಲಿಲ್ಲ.

ಕಾಲುವೆಯವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಒಣಗಿದ ಕಾಲುವೆಗೆ ಒಮ್ಮೆಲೇ ಪೂರ್ತಿ ನೀರು ಬಿಡುವುದಿಲ್ಲ, ಏರಿ ಕುಸಿಯುತ್ತದೆ. ಹಂತ ಹಂತವಾಗಿ ಮಟ್ಟ ಏರಿಸುತ್ತೇವೆ. ಆದರೆ ತುಂಬಿದ ಕಾಲುವೆಯನ್ನು ಒಮ್ಮೆಲೇ ಖಾಲಿ ಮಾಡುವುದೂ ಅಷ್ಟೇ ಅಪಾಯ. ಏರಿಯ ಮಣ್ಣಿನೊಳಗೆ ನಿಂತ ನೀರಿನ ಒತ್ತಡಕ್ಕೆ ಒಳಗಿನ ಲೈನಿಂಗ್ ಚಪ್ಪಡಿಗಳೇ ಎದ್ದು ಬರುತ್ತವೆ. ನಾನು ನನ್ನ ದೇಹಕ್ಕೆ ಎರಡೂ ಮಾಡಿದ್ದೆ. ಜಯಂತಿಯ ದಿನ ಒಮ್ಮೆಲೇ ತುಂಬಿಸಿದೆ, ಮರುದಿನ ಒಮ್ಮೆಲೇ ಖಾಲಿ ಮಾಡಿದೆ. ಸೊಂಟ ನೋವಿಗೆ ವಾರಗಟ್ಟಲೆ ಹಾಸಿಗೆಯಲ್ಲೇ ಇರಿ ಎಂದು ಹಿಂದೆ ವೈದ್ಯರೇ ಹೇಳುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಆದಷ್ಟು ಬೇಗ, ಆದಷ್ಟು ಮಟ್ಟಿಗೆ ಓಡಾಡಿ ಎನ್ನುತ್ತಾರೆ.

ಇನ್ನೊಂದು ಭಯವೂ ಇರುತ್ತದೆ. ನೋವು ಏರಿತು, ಹಾಗಾದರೆ ಒಳಗೆ ಮತ್ತೇನೋ ಹರಿದಿದೆ ಎನ್ನುವ ಭಯ. ನಾವು ಸೇರಿರುವ ಈ ಬಡಾವಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ನೋವಿನ ವಿಜ್ಞಾನದಲ್ಲೂ ಒಂದು ಗೇಟು ಇದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಹೇಳಿದ್ದು: ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಗೇಟಿನಂಥ ಏರ್ಪಾಡಿದೆ, ಮಿದುಳಿನಿಂದ ಬರುವ ಸಂದೇಶಗಳೂ ಅದನ್ನು ತೆರೆಯುತ್ತವೆ, ಮುಚ್ಚುತ್ತವೆ. ಆ ಸಿದ್ಧಾಂತದ ವಿವರಗಳು ಆಮೇಲೆ ತಿದ್ದುಪಡಿಯಾಗಿವೆ. ಮೂಲ ಮಾತು ಉಳಿದಿದೆ. ನೋವಿನ ಪ್ರಮಾಣವೂ ಗಾಯದ ಪ್ರಮಾಣವೂ ಯಾವಾಗಲೂ ಒಂದೇ ಅಲ್ಲ. ನಿದ್ದೆಗೆಟ್ಟರೆ, ಭಯಪಟ್ಟರೆ, ಸಿಟ್ಟು ಮಾಡಿದರೆ ಅದೇ ನರ ಹೆಚ್ಚು ಕೂಗುತ್ತದೆ. ನಮ್ಮ ವಯಸ್ಸಿನ ಎಷ್ಟೋ ಜನರ ಸ್ಕ್ಯಾನಿಂಗಿನಲ್ಲಿ ಡಿಸ್ಕ್ ಹೊರಬಂದಿರುತ್ತದೆ, ಅವರಿಗೆ ನೋವೇ ಇರುವುದಿಲ್ಲ.

ಆದ್ದರಿಂದ ಬಿದ್ದಾಗ ಏಳುವುದಕ್ಕೆ ನಾನು ಕೆಲವು ನೇಮ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು.

ಒಂದು. ಎಷ್ಟು ನಡೆಯಬೇಕೆಂದು ಹಿಂದಿನ ರಾತ್ರಿಯೇ ಬರೆದಿಡುತ್ತೇನೆ. ಬೆಳಿಗ್ಗೆ ಮೈ ಹಗುರವಿದ್ದರೂ ಅದಕ್ಕಿಂತ ಹೆಚ್ಚು ನಡೆಯುವುದಿಲ್ಲ.

ಎರಡು. ನೋವು ಏರಿದ ದಿನ ಅರ್ಧಕ್ಕೆ ಇಳಿಸುತ್ತೇನೆ, ಸೊನ್ನೆಗೆ ಇಳಿಸುವುದಿಲ್ಲ. ತೀರಾ ಆಗದಿದ್ದರೆ ಮಲಗಿದಲ್ಲೇ ಪಾದ ಆಡಿಸುತ್ತೇನೆ. ಅದೂ ಲೆಕ್ಕಕ್ಕೆ ಸೇರುತ್ತದೆ.

ಮೂರು. ಬರೆದಿಡುವುದು. ನಮ್ಮ ಇಲಾಖೆಯಲ್ಲಿ ಮೆಷರ್‌ಮೆಂಟ್ ಬುಕ್ ಇರುತ್ತದೆ, ಎಂ.ಬಿ. ಎನ್ನುತ್ತೇವೆ. ಅದರಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಿದ್ದರೆ ಗೆರೆ ಎಳೆದು ಸಹಿ ಹಾಕಬೇಕು. ನಾನೂ ಕೆಟ್ಟ ದಿನಗಳನ್ನು ಅಳಿಸುವುದಿಲ್ಲ. ಮೊದಲ ಸಲ ಬಿದ್ದಾಗ ಹಳೆಯ ಮಟ್ಟಕ್ಕೆ ಬರಲು ಎಷ್ಟು ದಿನ ಹಿಡಿಯಿತೆಂದು ಪುಸ್ತಕ ಹೇಳುತ್ತದೆ. ಮಧ್ಯರಾತ್ರಿ ನನ್ನ ಮನಸ್ಸು ‘ಎಲ್ಲ ಮುಗಿಯಿತು’ ಎಂದಾಗ ಪುಸ್ತಕ ‘ಹಿಂದೆಯೂ ಹೀಗಾಗಿತ್ತು, ಎದ್ದಿದ್ದೆ’ ಎನ್ನುತ್ತದೆ. ನಾನು ಪುಸ್ತಕವನ್ನು ನಂಬುತ್ತೇನೆ.

ನಾಲ್ಕು. ಮುಂಜಾನೆ ಕುರ್ಚಿಯಲ್ಲಿ ಕುಳಿತು, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು, ಉಸಿರನ್ನು ನಿಧಾನ ಮಾಡಿ ದೃಷ್ಟಿ ನಿಲ್ಲಿಸುತ್ತೇನೆ. ನೋವು ಹೋಗಲಿ ಎಂದು ಬೇಡುವುದಿಲ್ಲ. ಅದು ಪೂಜೆ, ಔಷಧಿಯಲ್ಲ. ಆದರೂ ಆ ಹೊತ್ತು ಸಿಟ್ಟು ಇಳಿದಿರುತ್ತದೆ, ಇದು ನನ್ನ ಅನುಭವ.

ಐದು. ಮನೆಯವರ ಮಾತು ಕೇಳುವುದು. ಇದು ಎಲ್ಲಕ್ಕಿಂತ ಕಷ್ಟದ ವ್ಯಾಯಾಮ.

ಒಂದು ಎಚ್ಚರಿಕೆ. ನಾನು ಹೇಳಿದ್ದು ನನ್ನ ದೇಹಕ್ಕೆ, ತಜ್ಞರು ನೋಡಿ ಕೊಟ್ಟ ಅಳತೆ. ನಿಮ್ಮ ಅಳತೆ ನಿಮ್ಮ ವೈದ್ಯರಿಂದ ಬರಲಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ. ಕಾಲಿನ ಶಕ್ತಿ ಕುಂದಿ ಪಾದ ಎಳೆಯುವಂತಾದರೆ, ತೊಡೆಗಳ ಸಂದು ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ವ್ಯಾಯಾಮವೂ ಬೇಡ, ಪೂಜೆಯೂ ಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ನನ್ನ ನೋವು ಹೋಗಿಲ್ಲ. ಈ ಮಾತು ಆಡುತ್ತಿರುವಾಗಲೂ ಎಡಗಾಲಿನಲ್ಲಿದೆ. ಆದರೆ ಈ ವರ್ಷದ ಬಸವ ಜಯಂತಿಗೆ ನಾನು ದಾಸೋಹಕ್ಕೆ ಹೋಗಿದ್ದೆ. ಎತ್ತರದ ಸ್ಟೂಲಿನ ಮೇಲೆ ಕುಳಿತು ಇಪ್ಪತ್ತು ನಿಮಿಷ ಹುರುಳಿಕಾಯಿ ಹೆಚ್ಚಿದೆ. ಕೈ ಚುರುಕಾಗಿತ್ತು, ನೋವೂ ಅಷ್ಟಿರಲಿಲ್ಲ, ಮುಂದೆ ಇನ್ನೂ ಎರಡು ಬುಟ್ಟಿ ಕಾಯಿ ಇತ್ತು. ಗಡಿಯಾರ ನೋಡಿ ಚಾಕು ಕೆಳಗಿಟ್ಟು ಎದ್ದೆ. ‘ಯಾಕೆ ಅಣ್ಣ, ನೋವೇನು?’ ಎಂದು ಪಕ್ಕದವರು ಕೇಳಿದರು. ‘ಇಲ್ಲ, ಚೆನ್ನಾಗಿದ್ದೇನೆ, ಅದಕ್ಕೇ ಹೊರಟೆ’ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರಿಗೆ ಅರ್ಥವಾಯಿತು.

ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದು ನಡೆದೆ. ಎಂ.ಬಿ.ಯಲ್ಲಿ ಬರೆದದ್ದು ಇಷ್ಟೇ: ದಾಸೋಹ, 20 ನಿಮಿಷ.

ಕಾಯ ಕುಂದಿದವರಿಗೂ ಕಾಯಕವಿದೆ, ಅಳತೆ ಮಾತ್ರ ಬೇರೆ.