ವರ್ಣತಂತು ಹೆಚ್ಚಿದರೆ ಎಲೆಯ ದುಡಿಮೆ ಹೆಚ್ಚುವುದೆ?



ಬೆಳಗಾವಿ ಕಡೆಯ ರೈತರೊಬ್ಬರು ನನ್ನನ್ನು ಹೀಗೆ ಕೇಳಿದರು: “ಸಾಹೇಬ್ರ, ನಮ್ಮ ಕಪ್ಲಿ ಗೋಧಿಯೊಳಗ ಇಪ್ಪತ್ತೆಂಟು ವರ್ಣತಂತು ಅಂತ, ಚಪಾತಿ ಗೋಧಿಯೊಳಗ ನಲವತ್ತೆರಡಂತ. ಹಂಗಾದ್ರ ಅದರ ಎಲಿ ಒಂದೂವರಿಪಟ್ಟು ದುಡಿತದ ಅಲ್ಲೇನ್ರಿ? ಕಪ್ಲಿ ಬಿತ್ತೂದು ಬಿಟ್ಟಬಿಡ್ಲೇನ್ರಿ?”

ಅಪ್ಪ ಅಜ್ಜನ ಕಾಲದಿಂದ ಬಂದ ಬೀಜ ಬಿಡುವ ಮಾತು ಇದು. ಅವಸರದಲ್ಲಿ ಹೂಂ ಎನ್ನುವಂಥದಲ್ಲ.

ಗಿಡದ ಪ್ರತಿ ಜೀವಕೋಶದಲ್ಲೂ ವಂಶಗುಣ ಹೊತ್ತ ನವಿರಾದ ಎಳೆಗಳಿವೆ, ಅವೇ ವರ್ಣತಂತುಗಳು. ಗೋಧಿಯಲ್ಲಿ ಏಳೇಳರ ಕಟ್ಟು. ಹಳೆಯ ಕಾಡುಗೋಧಿಯಲ್ಲಿ ಎರಡು ಕಟ್ಟು, ಅಂದರೆ 14. ಕಪ್ಲಿಯಲ್ಲಿಯೂ ರವೆಗೆ ಒದಗುವ ಡ್ಯೂರಂನಲ್ಲಿಯೂ ನಾಲ್ಕು ಕಟ್ಟು. ಚಪಾತಿ ಗೋಧಿಯಲ್ಲಿ ಆರು. ರೈತರ ಲೆಕ್ಕ ಸರಿಯೇ.

ಇನ್ನು ಎಲೆಯ ದುಡಿಮೆ. ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವುದು ರುಬಿಸ್ಕೊ ಎಂಬ ಕಿಣ್ವ. ಇದು ಬಲು ಸೋಮಾರಿ ಕಿಣ್ವ! ಸೆಕೆಂಡಿಗೆ ಕೆಲವೇ ಕಣಗಳನ್ನು ಹಿಡಿದೀತು. ಅದಕ್ಕೇ ಗಿಡ ಇದನ್ನು ರಾಶಿಗಟ್ಟಲೆ ಇಟ್ಟುಕೊಳ್ಳುತ್ತದೆ. ಗೋಧಿಯಂಥ ಬೆಳೆಗಳ ಎಲೆಯಲ್ಲಿ ನೀರಿನಲ್ಲಿ ಕರಗುವ ಸಸಾರಜನಕದ ಅರ್ಧದಷ್ಟು ಇದೊಂದೇ ಆಗಿರಬಹುದು. ನೀವು ಹಾಕುವ ಸಾರಜನಕ ಗೊಬ್ಬರದ ಒಂದು ಪಾಲು ಎಲ್ಲಿಗೆ ಹೋಗುತ್ತದೆಂದು ಇದರಿಂದ ತಿಳಿಯಿತಷ್ಟೆ.

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕ್ಯಾರೊಲಿನ್ ಡೀನ್ ಮತ್ತು ರೇಚಲ್ ಲೀಚ್ ಈ ಮೂರೂ ಬಗೆಯ ಗೋಧಿಗಳ ಎಲೆಯನ್ನು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ವರ್ಣತಂತು ಹೆಚ್ಚಿದಂತೆಲ್ಲ ಒಂದೊಂದು ಕೋಶದಲ್ಲಿರುವ ರುಬಿಸ್ಕೊ ಕೂಡ ಅದೇ ಲೆಕ್ಕದಲ್ಲಿ ಹೆಚ್ಚಿತ್ತು. ಹಾಗಾದರೆ ನಮ್ಮ ರೈತರು ಗೆದ್ದರೇ?

ಇಲ್ಲ. ವರ್ಣತಂತು ಹೆಚ್ಚಿದರೆ ಕೋಶವೂ ದೊಡ್ಡದಾಗುತ್ತದೆ. ಬಂಡಿಯಲ್ಲಿ ಸಣ್ಣ ಚೀಲ ನಲವತ್ತು ಹಿಡಿಯುವ ಕಡೆ ದೊಡ್ಡ ಚೀಲ ಇಪ್ಪತ್ತೇ ಹಿಡಿದಾವು. ಚೀಲ ಹಿಗ್ಗಿತೆಂದು ಬಂಡಿಯ ಕಾಳು ಹೆಚ್ಚಾಗುತ್ತದೆಯೆ? ಹಾಗೆಯೇ, ಅಂಗೈಯಗಲದ ಎಲೆಯಲ್ಲಿ ದೊಡ್ಡ ಕೋಶಗಳು ಕಡಿಮೆ ಕೂಡುತ್ತವೆ. ಕೋಶದಲ್ಲಿ ಗಳಿಸಿದ್ದು ಎಣಿಕೆಯಲ್ಲಿ ಕಳೆದುಹೋಗುತ್ತದೆ. ಆಸ್ಟ್ರೇಲಿಯದ ಇವಾನ್ಸ್ ಮತ್ತು ಡನ್‌ಸ್ಟನ್ 1970ರಲ್ಲಿಯೇ ಬೆರಗಿನ ಸಂಗತಿಯೊಂದನ್ನು ತೋರಿಸಿದ್ದರು: ಎಲೆಯ ಅಷ್ಟೇ ಅಗಲಕ್ಕೆ ಹೋಲಿಸಿದರೆ ಹೆಚ್ಚು ದುಡಿದದ್ದು ಆ ಹಳೆಯ ಕಾಡುಗೋಧಿ! ಹೊಸ ಗೋಧಿಗಳ ಎಲೆ ದೊಡ್ಡದು, ಕಾಳು ದೊಡ್ಡದು; ದುಡಿಮೆಯ ಬಿರುಸು ಮಾತ್ರ ಹೆಚ್ಚಲಿಲ್ಲ.

“ಮತ್ತ ಚಪಾತಿ ಗೋಧಿ ಇಳುವರಿ ಹೆಂಗ ಹೆಚ್ಚಾತ್ರಿ?” ಎಂದರು ಅವರು. 1960ರ ದಶಕದಲ್ಲಿ ಮೆಕ್ಸಿಕೊದಿಂದ ಗಿಡ್ಡ ತಳಿಗಳು ಬಂದವು. ಗೊಬ್ಬರ ಹಾಕಿದರೂ ಅವು ಸುಲಭವಾಗಿ ಮಲಗವು. ದಂಟಿಗೆ ಹೋಗುವುದು ಕಾಳಿಗೆ ಹೋಯಿತು. ಕಪ್ಲಿಯಲ್ಲಿಯೂ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025ರಂಥ ಗಿಡ್ಡ ತಳಿಗಳನ್ನು ಕೊಟ್ಟಿದೆ. ವರ್ಣತಂತು ಅವೇ 28.

ಕಪ್ಲಿಯ ಸಿಪ್ಪೆ ಬಿಡಿಸುವುದು ತ್ರಾಸದ ಕೆಲಸ, ಒಪ್ಪುತ್ತೇನೆ. ಆದರೆ ಕಾಂಡದ ತುಕ್ಕುರೋಗವನ್ನು ತಡೆಯುವ ಗುಣಕ್ಕಾಗಿ ಹೊರದೇಶದವರೂ ಇದನ್ನು ಒಯ್ದು ತಮ್ಮ ಗೋಧಿಗೆ ಕೂಡಿಸಿದ್ದಾರೆ. ಹುಗ್ಗಿಯ ರುಚಿ ನಾನು ನಿಮಗೆ ಹೇಳಬೇಕೆ? ಆ ರೈತರು ಆ ವರ್ಷ ಎರಡನ್ನೂ ಬಿತ್ತಿದರು. ಕಪ್ಲಿಯ ಬೀಜವನ್ನು ಬೇರೆಯೇ ಚೀಲದಲ್ಲಿ ತೆಗೆದಿರಿಸಿದರು.