ಹುಳಿಮಣ್ಣು, ಸೋಪು ಮತ್ತು ಬಚ್ಚಲ ಒಲೆಯ ಮೇಲಿನ ಹಗ್ಗ

(ಮುಂಗಾರಿನ ಆರಂಭದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಇಂದಿನ ವಿಷಯ ಹೆಣ್ಣಿನ ಗುಪ್ತಾಂಗದ ನಿತ್ಯದ ಶುಚಿತ್ವ ಮತ್ತು ಅಲ್ಲಿ ಹುಟ್ಟಬಹುದಾದ ವಾಸನೆ. ಕಾಡು, ಹೊಳೆ, ಅಣೆಕಟ್ಟುಗಳ ಮಾತು ಕೇಳಿ ಅಭ್ಯಾಸವಾದವರಿಗೆ ಇದು ದಾರಿ ತಪ್ಪಿದ ಮಾತೆನಿಸೀತು. ಆದರೆ ಯಾವ ವಾಸನೆಗಾಗಿ ಹೆಣ್ಣುಮಕ್ಕಳು ತಮ್ಮ ದೇಹವನ್ನೇ ಹಳಿದುಕೊಳ್ಳುತ್ತಾರೋ ಅದರ ಬೇರು ಬಹುಪಾಲು ದೇಹದ ಹೊರಗಿದೆ. ಒಣಗದ ಬಟ್ಟೆ, ಬಿಸಿಲು ಕಾಣದ ಮೂಲೆ, ಕೆಲಸದ ಜಾಗದಲ್ಲಿ ಇಲ್ಲದ ಶೌಚಾಲಯ, ಅತಿಯಾದ ಸೋಪು: ಇವೆಲ್ಲ ಪರಿಸರದ ಸಂಗತಿಗಳೇ ಅಲ್ಲವೆ?

ಮಲೆನಾಡಿನ ರೈತರಿಗೆ ಮಣ್ಣಿನ ರಸಸಾರದ ಲೆಕ್ಕ ತಿಳಿದಿದೆ. 7 ಎಂದರೆ ಸಮ. ಅದಕ್ಕಿಂತ ಕೆಳಗಿದ್ದರೆ ಹುಳಿ, ಮೇಲಿದ್ದರೆ ಕ್ಷಾರ. ಜಡಿಮಳೆಯು ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಇಲ್ಲಿಯದು ಹುಳಿಮಣ್ಣು. ಆದುದರಿಂದಲೇ ತೋಟಕ್ಕೆ ಸುಣ್ಣ ಹಾಕುತ್ತಾರೆ. ಹೆಣ್ಣಿನ ಯೋನಿಮಾರ್ಗವೂ ಹುಳಿಯೇ. ಮೈನೆರೆದಂದಿನಿಂದ ಮುಟ್ಟು ನಿಲ್ಲುವ ತನಕ, ಆರೋಗ್ಯವಂತ ಹೆಣ್ಣಿನಲ್ಲಿ ಅಲ್ಲಿಯ ರಸಸಾರ ಸಾಮಾನ್ಯವಾಗಿ 3.8ರಿಂದ 4.5ರಷ್ಟು. ಒಳಪೊರೆಯ ಕೋಶಗಳು ಗ್ಲೈಕೋಜನ್ ಎಂಬ ಶರ್ಕರವನ್ನು ಕೂಡಿಟ್ಟುಕೊಂಡಿರುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳು ಅದರಿಂದ ದೊರೆಯುವ ಆಹಾರವನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನು ಕೊಡುತ್ತವೆ. ಹಾಲು ಹುಳಿತು ಮೊಸರಾಗುವಾಗ ಹುಟ್ಟುವುದೂ ಇದೇ ಆಮ್ಲ. ಈ ಹುಳಿಯಲ್ಲಿ ಕೆಡುಕಿನ ಜೀವಿಗಳು ಸುಲಭವಾಗಿ ತಲೆಯೆತ್ತಲಾರವು. ಈ ಜೀವಿಗಳನ್ನು 1892ರಲ್ಲಿಯೇ ಜರ್ಮನಿಯ ಸ್ತ್ರೀರೋಗತಜ್ಞ ಆಲ್ಬರ್ಟ್ ಡೋಡರ್ಲೈನ್ ವಿವರಿಸಿದ್ದನು. ತೋಟದ ಹುಳಿಗೆ ಸುಣ್ಣ ಬೇಕು. ಈ ಹುಳಿಗೆ ಏನೂ ಬೇಡ.

ಒಳಗಿನಿಂದ ತೆಳುವಾಗಿ, ಬಣ್ಣವಿಲ್ಲದೆ ಅಥವಾ ಬೆಳ್ಳಗೆ ಇಳಿಯುವ ಸ್ರಾವವು ಆ ಮಾರ್ಗ ತನ್ನನ್ನು ತಾನೇ ತೊಳೆದುಕೊಳ್ಳುವ ಬಗೆ. ತಿಂಗಳ ನಡುವೆ, ಅಂಡ ಬಿಡುಗಡೆಯಾಗುವ ಹೊತ್ತಿಗೆ, ಅದು ಮೊಟ್ಟೆಯ ಬಿಳಿಯಂತೆ ಜಾರುತ್ತದೆ, ಗರ್ಭಿಣಿಯರಲ್ಲಿ ಹೆಚ್ಚುತ್ತದೆ. ಇದನ್ನೆಲ್ಲ ‘ಬಿಳಿಸೆರಗು’ ಎಂದು ಕರೆದು, ಮೂಳೆ ಕರಗಿ ಹೋಗುತ್ತಿದೆ, ಮೈಯ ಸತ್ವ ಬಸಿಯುತ್ತಿದೆ ಎಂದು ಹೆದರಿ ಸೊರಗುವವರಿದ್ದಾರೆ. ಮೂಳೆ ಹೀಗೆ ಕರಗುವುದಿಲ್ಲ. ಸುಸ್ತು ಇದ್ದರೆ ರಕ್ತಹೀನತೆಯನ್ನು ಪರೀಕ್ಷಿಸಿಕೊಳ್ಳುವುದು ಮೇಲು. ಸಣ್ಣ ಪ್ರಮಾಣದ, ತುಸು ಹುಳಿಯಾದ ವಾಸನೆ ಎಲ್ಲ ಹೆಣ್ಣುಮಕ್ಕಳಿಗೂ ಸಹಜ. ಅದು ಬೆವರಿನೊಡನೆ, ಮುಟ್ಟಿನ ದಿನಗಳೊಡನೆ, ಸಂಭೋಗದ ನಂತರ ಬದಲಾಗುತ್ತದೆ. ಮಲ್ಲಿಗೆಯ ಪರಿಮಳವನ್ನು ಅಲ್ಲಿಂದ ನಿರೀಕ್ಷಿಸುವವರ ಅಪೇಕ್ಷೆಯೇ ತಪ್ಪು.

ಮೈಗೆ ಹಚ್ಚುವ ಸಾಮಾನ್ಯ ಸೋಪಿನ ರಸಸಾರ 9ರಿಂದ 10. ಅದರಿಂದ ಯೋನಿಯ ಒಳಭಾಗವನ್ನು ತಿಕ್ಕಿದರೆ ಕಾವಲುಗಾರ ಜೀವಿಗಳು ಕ್ಷೀಣಿಸಿ, ವಾಸನೆ ಹುಟ್ಟಿಸುವ ಜೀವಿಗಳಿಗೆ ಹಾದಿ ಸುಗಮವಾಗುತ್ತದೆ. ವಾಸನೆ ಹೆಚ್ಚಿತೆಂದು ಮತ್ತಷ್ಟು ತೊಳೆಯುತ್ತಾರೆ, ತೊಳೆದಷ್ಟೂ ಕೆಡುತ್ತದೆ. ಒಳಕ್ಕೆ ನೀರು ಹಾಯಿಸುವುದು, ಸ್ನಾನದ ನೀರಿಗೆ ನಂಜುನಾಶಕ ಸುರಿಯುವುದು, ಸುಗಂಧ ಸಿಂಪಡಿಸುವುದು ಯಾವುದೂ ಬೇಡ. ದಿನಕ್ಕೊಮ್ಮೆ ಹೊರಭಾಗವನ್ನು ಶುದ್ಧ ನೀರಿನಿಂದ ತೊಳೆದರೆ ಸಾಕು. ಸೋಪು ಬೇಕೆಂದರೆ ತೊಡೆಯ ಸಂದಿ ಹಾಗೂ ಹೊರಗಿನ ರೋಮದ ಚರ್ಮಕ್ಕೆ ಮಾತ್ರ, ಅದೂ ಸೌಮ್ಯವಾದದ್ದು. ಮಲವಿಸರ್ಜನೆಯ ಬಳಿಕ ಕೈ ಮುಂದಿನಿಂದ ಹಿಂದಕ್ಕೆ ಸಾಗಬೇಕು. ತೊಳೆದ ಮೇಲೆ ಒಣಬಟ್ಟೆಯಿಂದ ಮೆತ್ತಗೆ ಒರೆಸಿಕೊಂಡು ಹತ್ತಿಯ ಒಳಉಡುಪು ಧರಿಸುವುದು ಒಳ್ಳೆಯದು.

ನಿಸರ್ಗಪ್ರಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಗಿಡದಿಂದ ಬಂದುದೆಲ್ಲ ಸೌಮ್ಯವಲ್ಲ. ಅಂಟುವಾಳದ ನೊರೆ ಕಣ್ಣಿಗೆ ಬಿದ್ದರೆ ಹೇಗೆ ಉರಿಯುವುದೆಂದು ಎಲ್ಲರಿಗೂ ಗೊತ್ತು. ಇಲ್ಲಿಯ ಪೊರೆಯೂ ಅಷ್ಟೇ ನವಿರು. ಸೀಗೆ ತಲೆಗಿರಲಿ, ಬೇವಿನ ಕಷಾಯ ಬೇರೆ ಕೆಲಸಕ್ಕಿರಲಿ. ಪೇಟೆಯ ಕಥೆಯಂತೂ ಬೇರೆಯೇ. 2012ರಲ್ಲಿ ಗುಪ್ತಾಂಗವನ್ನು ತೊಳೆದು ಬೆಳ್ಳಗಾಗಿಸುವ ದ್ರವವೊಂದರ ಜಾಹೀರಾತು ದೇಶದ ದೂರದರ್ಶನ ವಾಹಿನಿಗಳಲ್ಲಿ ಬಂದು ಭಾರಿ ಟೀಕೆಗೆ ಗುರಿಯಾಯಿತು. ನಾಚಿಕೆಯನ್ನು ಮೊದಲು ಮಾರಿ, ಅನಂತರ ಬಾಟಲಿ ಮಾರುವ ವ್ಯಾಪಾರವಿದು.

ಇನ್ನು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಟ್ಟಿ ಬಿಸಿಲು ಕಾಣುವುದೇ ಅಪರೂಪ. ನಾಟಿಗೆ ಇಳಿದ ಹೆಂಗಸು ತಲೆಯ ಮೇಲೆ ಗೊರಬು ಹೊತ್ತರೂ ಸೊಂಟದ ಕೆಳಗೆ ದಿನವಿಡೀ ಒದ್ದೆ. ಒದ್ದೆ ಒಳಉಡುಪು ತೊಡೆಸಂದಿಯಲ್ಲಿ ಶಿಲೀಂಧ್ರಕ್ಕೆ ಹೇಳಿಮಾಡಿಸಿದ ಜಾಗ. ಮನೆಗೆ ಬಂದೊಡನೆ ಅದನ್ನು ಬದಲಿಸುವುದು ಅರ್ಧ ಔಷಧ. ಇಂತಹ ಕಾಲದಲ್ಲಿ ಮನೆಯ ಪಂಚೆ, ಸೀರೆ, ಮಕ್ಕಳ ಸಮವಸ್ತ್ರ ಎಲ್ಲವೂ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಬೆಚ್ಚಗೆ ಒಣಗುತ್ತವೆ. ಮುಟ್ಟಿನ ಬಟ್ಟೆಗೆ ಮಾತ್ರ ಆ ಹಗ್ಗದಲ್ಲಿ ಸ್ಥಳವಿಲ್ಲ. ಅದು ಕೊಟ್ಟಿಗೆಯ ಹಿಂದೆ, ಸೌದೆಯ ಸಂದಿಯಲ್ಲಿ, ಇನ್ನೊಂದು ಬಟ್ಟೆಯ ಅಡಿಯಲ್ಲಿ ಅಡಗಿ ಕೂರುತ್ತದೆ. ಮರುತಿಂಗಳು ಅರ್ಧ ಒಣಗಿದ, ಮುಗ್ಗಲು ಹಿಡಿದ ಆ ಬಟ್ಟೆಯನ್ನೇ ಮತ್ತೆ ಉಡುವುದು. ಆ ಮುಗ್ಗಲು ವಾಸನೆ ಹೆಣ್ಣಿನದೆ, ಸೌದೆಯ ಸಂದಿಯದೆ?

ಒಡಿಶಾದ ಆಸ್ಪತ್ರೆಗಳಿಗೆ ಬಂದ ಮಹಿಳೆಯರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನವು, ಮರುಬಳಕೆಯ ಬಟ್ಟೆ ಉಡುವವರಲ್ಲಿ ಸೋಂಕು ಹೆಚ್ಚೆಂದು ಕಂಡಿತು. ಇದನ್ನು ಹಿಡಿದು ಬಟ್ಟೆಯನ್ನೇ ದೂರುವವರಿದ್ದಾರೆ. ಆದರೆ ಅಲ್ಲಿಯದೇ 2018ರ ಇನ್ನೊಂದು ಅಧ್ಯಯನದಲ್ಲಿ, ಬಟ್ಟೆ ಬಳಸುವವರ ಪೈಕಿ ಅದನ್ನು ಮನೆಯೊಳಗೆ ಒಣಗಿಸಿ ಶೌಚದ ಕೋಣೆಯಲ್ಲಿ ಬಚ್ಚಿಡುವವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚಾಗಿ ಕಂಡುಬಂತು. ದೋಷವಿರುವುದು ಬಚ್ಚಿಡುವುದರಲ್ಲಿ. ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಹಿಂಡಿ (ಬಿಸಿನೀರು ರಕ್ತದ ಕಲೆಯನ್ನು ಗಟ್ಟಿಮಾಡುತ್ತದೆ), ಸೋಪಿನಲ್ಲಿ ಒಗೆದು, ಸೋಪು ಉಳಿಯದಂತೆ ಜಾಲಿಸಿ, ಬಿಸಿಲಿದ್ದರೆ ಅಂಗಳದಲ್ಲಿ, ಇಲ್ಲದಿದ್ದರೆ ಬಚ್ಚಲ ಒಲೆಯ ಕಾವಿನಲ್ಲಿ ಪೂರ್ತಿ ಒಣಗಿಸಬೇಕು. ಇಸ್ತ್ರಿ ಪೆಟ್ಟಿಗೆ ಇದ್ದರೆ ಕೊನೆಗೊಮ್ಮೆ ಎಳೆಯುವುದು ಇನ್ನೂ ಉತ್ತಮ. ಮನೆಯ ಹಿರಿಯರು ಆ ಹಗ್ಗದಲ್ಲಿ ಒಂದು ಗೇಣು ಜಾಗ ಬಿಟ್ಟುಕೊಟ್ಟರೆ ಆಗುವ ಉಪಕಾರವನ್ನು ಯಾವ ಬಾಟಲಿಯೂ ಮಾಡಲಾರದು. ಹಿಂದಿನ ಸಾಲಿನಲ್ಲಿ ಕುಳಿತಿರುವ ಗಂಡಸರು ಇದನ್ನು ಕೇಳಿಸಿಕೊಂಡಿರಲಿ. ಹಗ್ಗ ಕಟ್ಟುವವರು ಹೆಚ್ಚಾಗಿ ಅವರೇ.

ಮುಟ್ಟಿನ ರಕ್ತ ಬಟ್ಟೆಯಲ್ಲಿ ಗಂಟೆಗಟ್ಟಲೆ ಉಳಿದಾಗ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಗಾಢವಾದ ವಾಸನೆ ಬರುವುದು ಆಗ. ಬಟ್ಟೆಯಾಗಲಿ ಪ್ಯಾಡ್ ಆಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಗಬೇಕು. ಸುಗಂಧ ಬೆರೆಸಿದ ಪ್ಯಾಡ್ ಚರ್ಮವನ್ನು ಕೆರಳಿಸೀತು. ಪ್ಲಾಸ್ಟಿಕ್ ಹಾಳೆಯುಳ್ಳ ಪ್ಯಾಡ್ ಹಳ್ಳಕ್ಕೆ ಬಿದ್ದರೆ ಕೊಳೆಯದೆ ಉಳಿಯುವುದೆಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಸಿಲಿಕೋನಿನ ಮುಟ್ಟಿನ ಬಟ್ಟಲನ್ನು ವರ್ಷಗಟ್ಟಲೆ ಬಳಸಬಹುದು, ತಿಂಗಳಿಗೊಮ್ಮೆ ಕುದಿಸಿದರಾಯಿತು. ರಾಜ್ಯ ಸರ್ಕಾರವು 2023ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಇದನ್ನು ಉಚಿತವಾಗಿ ಹಂಚತೊಡಗಿತು.

ಕಾಫಿ ತೋಟದಲ್ಲಿಯೂ ಗದ್ದೆಯಲ್ಲಿಯೂ ದುಡಿಯುವ ಅನೇಕ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ, ಮೂತ್ರಕ್ಕೆ ಹೋಗಲು ಮರೆ ಇಲ್ಲವೆಂದು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಕಟುವಾಸನೆ ಬೀರುತ್ತದೆ. ಕಟ್ಟಿ ನಿಲ್ಲಿಸಿದರೆ ಉರಿಮೂತ್ರ ಬರುತ್ತದೆ. ಇಲ್ಲಿ ಹೆಣ್ಣಿಗೆ ಶುಚಿತ್ವದ ಉಪದೇಶ ಮಾಡುವುದು ಅನ್ಯಾಯ. ತೋಟದ ಮಾಲೀಕರು ಒಂದು ಶೌಚಾಲಯ ಕಟ್ಟಿಸಲಿ.

ಆದರೂ ಕೆಲವು ವಾಸನೆಗಳು ರೋಗದ ಕರೆಗಳು. ಹಸಿಮೀನಿನಂತೆ ನಾರುವ, ತೆಳ್ಳನೆಯ ಬೂದುಬಿಳುಪಿನ ಸ್ರಾವ, ಅದರಲ್ಲಿಯೂ ಸಂಭೋಗದ ನಂತರ ಹೆಚ್ಚುವಂಥದ್ದು, ಒಳಗಿನ ಜೀವಿಗಳ ಸಮತೋಲ ತಪ್ಪಿದುದರ ಲಕ್ಷಣ. ಗರ್ಭಿಣಿಯರಲ್ಲಿ ಇದು ದಿನ ತುಂಬುವ ಮುನ್ನ ಹೆರಿಗೆಯಾಗುವ ಸಂಭವವನ್ನು ಹೆಚ್ಚಿಸುತ್ತದೆ. ಒಡೆದ ಮೊಸರಿನಂತಹ ಗಟ್ಟಿ ಬಿಳಿಸ್ರಾವ ಹಾಗೂ ತಡೆಯಲಾರದ ತುರಿಕೆಯಿದ್ದರೆ ಅದು ಬಹುಶಃ ಕ್ಯಾಂಡಿಡಾ. ಅದಕ್ಕೆ ವಾಸನೆ ಅಷ್ಟಾಗಿ ಇರುವುದಿಲ್ಲ, ಮಧುಮೇಹಿಗಳನ್ನು ಹೆಚ್ಚು ಕಾಡುತ್ತದೆ. ಹಳದಿ ಹಸಿರಾದ ನೊರೆಸ್ರಾವವು ಟ್ರೈಕೊಮೊನಾಸ್ ಇರಬಹುದು. ಅದು ಲೈಂಗಿಕವಾಗಿ ಹರಡುವುದರಿಂದ ಗಂಡನೂ ಮಾತ್ರೆ ನುಂಗಬೇಕು; ಹೆಂಡತಿಗಷ್ಟೇ ಔಷಧ ಕೊಡಿಸಿದರೆ ರೋಗ ಮರಳಿ ಬರುತ್ತದೆ. ಇವಕ್ಕೆಲ್ಲ ಚಿಕಿತ್ಸೆ ಬೇರೆ ಬೇರೆ. ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಸಾಲದು. ಕೆಟ್ಟ ವಾಸನೆಯ, ರಕ್ತ ಬೆರೆತ ನೀರಿನಂತಹ ಸ್ರಾವ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ಸಂಭೋಗದ ನಂತರ ರಕ್ತ: ಇವುಗಳಲ್ಲಿ ಒಂದು ಕಂಡರೂ ಒಂದು ದಿನವೂ ತಡಮಾಡಬಾರದು. ಗರ್ಭಕೊರಳಿನ ಕ್ಯಾನ್ಸರ್ ಹೀಗೆಯೇ ಸುಳಿವು ಕೊಡುವುದುಂಟು. ಬೇಗ ತಿಳಿದರೆ ಗುಣವಾಗುತ್ತದೆ. ವಾಸನೆಯ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದು ಜೀವ ಕಳೆದುಕೊಂಡವರು ಎಷ್ಟೋ ಊರುಗಳಲ್ಲಿದ್ದಾರೆ.

ಸಭೆ ಮುಗಿದ ಮೇಲೆ ಆಶಾ ಕಾರ್ಯಕರ್ತೆಯರು ಪಕ್ಕದ ಕೋಣೆಯಲ್ಲಿ ಇರುತ್ತಾರೆ. ಬಾಯಿಬಿಟ್ಟು ಕೇಳಲು ಸಂಕೋಚಪಡುವವರಿಗಾಗಿ ಬಾಗಿಲ ಬಳಿ ಒಂದು ಡಬ್ಬ ಇಟ್ಟಿದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಹಾಕಬಹುದು, ಹೆಸರು ಬರೆಯಬೇಕಾಗಿಲ್ಲ.